ಸುಣ್ಣ ಬಳಿಯದ ಗೋಡೆ

ನಮ್ಮೂರಿನಲ್ಲಿ ಮಕ್ಕಳು ಆಟ ಮುಗಿಸಿ ಮನೆಗೆ ಬಂದರೆ ತಾಯಂದಿರು ಮೊದಲು ನೋಡುವುದು ಕೈಕಾಲನ್ನಲ್ಲ, ಕಿವಿಯನ್ನು. ಕಿವಿಯ ಮೇಲೆ ಬಿಳಿ ಪುಡಿ ಅಂಟಿದ್ದರೆ ಮುಗಿಯಿತು, ಯಾರದೋ ಮನೆಯ ಗೋಡೆಗೆ ಕಿವಿ ಕೊಟ್ಟು ಬಂದಿದೆ ಎಂದೇ ಲೆಕ್ಕ. ನಾನು ಚಿಕ್ಕವಳಿದ್ದಾಗ ಈ ತಪ್ಪಿಗೆ ತಿಂದ ಏಟು ಒಂದೆರಡಲ್ಲ. ಲಂಗದಿಂದ ಕಿವಿ ಒರೆಸಿಕೊಂಡು ಬರಬೇಕೆಂಬ ಬುದ್ಧಿ ಬರುವ ಹೊತ್ತಿಗೆ ಊರವರ ಮಾತು ಕೇಳುವ ಆಸೆಯೇ ಹೋಗಿತ್ತು.

ನಮ್ಮೂರಿನ ಗೋಡೆಗಳು ಆಡಿದ ಮಾತನ್ನು ಇಟ್ಟುಕೊಳ್ಳುತ್ತವೆ. ಎದೆಯೆತ್ತರದಲ್ಲಿ ಕಿವಿಯಿಟ್ಟರೆ ಈ ವಾರದ್ದು ಕೇಳಿಸುತ್ತದೆ, ಸೊಂಟದೆತ್ತರದಲ್ಲಿ ಒಂದೆರಡು ವರ್ಷದ್ದು. ನೆಲದಲ್ಲಿ ಕುಳಿತು ಕೆಳಗೆ ಕಿವಿಯಿಟ್ಟರೆ ತೀರಾ ಹಳೆಯದು. ಮಾತು ಹಳತಾದಂತೆ ಕೆಳಗಿಳಿಯುತ್ತದೆ, ಸಾರಿನಲ್ಲಿ ಬೇಳೆ ತಳಕ್ಕೆ ಇಳಿದ ಹಾಗೆ. ಮೇಲೆ ಹೊಸ ಸುಣ್ಣ ಬಿದ್ದರೆ ಎಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಮದುವೆಗೆ ಮುಂಚೆ ಜನ ಮರೆಯದೆ ಮನೆಗೆ ಸುಣ್ಣ ಬಳಿಸುತ್ತಾರೆ, ಬೀಗರು ಬಂದು ಗೋಡೆಗೆ ಒರಗಿ ಕೂರುತ್ತಾರಲ್ಲ. ಬಾಡಿಗೆ ಮನೆ ಬಿಡುವಾಗಲೂ ಬಳಿಸುತ್ತಾರೆ. ಗಂಡ ಹೆಂಡತಿಗೆ ಜಗಳ ಬಂದರೆ ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿಗೆ ಹೋಗಿ ಆಡಿಕೊಂಡು ಬರುತ್ತಾರೆ. ಸಂಜೆ ಹೊತ್ತು ಅಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಯಾರಾದರೂ ತೀರಿಕೊಂಡರೆ ಮಾತ್ರ ಅವರು ಮಲಗುತ್ತಿದ್ದ ಕೋಣೆಗೆ ಬಹಳ ವರ್ಷ ಸುಣ್ಣ ಮುಟ್ಟಿಸುವುದಿಲ್ಲ.

ನನ್ನಪ್ಪ ಬೆಟ್ಟಯ್ಯ ಸುಣ್ಣ ಬಳಿಯುವವನು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ. ಹೊಸ ಸುಣ್ಣ ಬಳಿಯಬೇಕಾದರೆ ಹಳೆಯದರಲ್ಲಿ ಸಡಿಲವಾಗಿ ಎದ್ದದ್ದನ್ನು ಮೊದಲು ಕೆರೆಯಬೇಕು, ಕೆರೆಯುವವನ ತಲೆ ಇಡೀ ದಿನ ಗೋಡೆಯ ಪಕ್ಕದಲ್ಲೇ ಇರುತ್ತದೆ. ಬೇಡವೆಂದರೂ ಎಲ್ಲ ಕಿವಿಗೆ ಬೀಳುತ್ತದೆ. ಈ ಕಾರಣಕ್ಕೇ ಅವರ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಕೆಲಸಕ್ಕೆ ಹೋದ ಜಾಗದಲ್ಲಿ ಕೇಳಿದ್ದನ್ನಾಗಲಿ ಆಡಿದ್ದನ್ನಾಗಲಿ ಹೊಸ್ತಿಲಾಚೆ ತರುವಂತಿಲ್ಲ. ಹೆಂಡತಿಗೆ ಹೇಳುವಂತಿಲ್ಲ, ಮಕ್ಕಳಿಗೆ ಹೇಳುವಂತಿಲ್ಲ, ಕುಡಿದು ಬಾಯಿ ತಪ್ಪುವಂತೆಯೂ ಇಲ್ಲ. ಅಪ್ಪ ಕುಡಿಯುತ್ತಲೇ ಇರಲಿಲ್ಲ. ಊರಿನ ಅರ್ಧ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಆತ ಬೀದಿಯಲ್ಲಿ ನಡೆಯುವಾಗ ದೊಡ್ಡ ದೊಡ್ಡವರೇ ನಿಂತು ನಮಸ್ಕಾರ ಮಾಡುತ್ತಿದ್ದರು. ಅದು ಪ್ರೀತಿಯೋ ಭಯವೋ ನನಗೆ ಗೊತ್ತಿಲ್ಲ.

ಮಾತು ಕಡಿಮೆಯಿದ್ದರೂ ಆಟಕ್ಕೆ ಅಪ್ಪ ಬರುತ್ತಿದ್ದ. ಅಂಗಳದಲ್ಲಿ ಮೂರು ಸುಣ್ಣದ ಡಬ್ಬಿಗಳನ್ನು ಸಾಲಾಗಿ ಇಡುತ್ತಿದ್ದ. ಬಲಗಡೆಯದು ತುಂಬಿದ್ದರೆ ಒಂದು, ನಡುವಿನದು ತುಂಬಿದ್ದರೆ ಎರಡು, ಎಡಗಡೆಯದು ತುಂಬಿದ್ದರೆ ನಾಲ್ಕು. ಖಾಲಿ ಡಬ್ಬಿಗೆ ಬೆಲೆಯಿಲ್ಲ. "ಐದು ಮಾಡು ನೋಡಾನ" ಎನ್ನುತ್ತಿದ್ದ. ನಾನು ಆಚೆ ಈಚೆಯ ಎರಡಕ್ಕೆ ನೀರು ಸುರಿದು ನಡುವಿನದನ್ನು ಬೋರಲು ಹಾಕುತ್ತಿದ್ದೆ. ತಪ್ಪಾದರೆ "ತಪ್ಪು. ಇನ್ನೊಂದ್ ಸಲ ಮಾಡು" ಎನ್ನುತ್ತಿದ್ದ, ಅಷ್ಟೇ. ಬೈಯುತ್ತಲೂ ಇರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಈ ಆಟ ಯಾರು ಹೇಳಿಕೊಟ್ಟರು ಎಂದು ಒಮ್ಮೆ ಕೇಳಿದ್ದಕ್ಕೆ "ಯಾರೋ ಹೇಳ್ಕೊಟ್ರು" ಎಂದು ಎದ್ದುಹೋಗಿದ್ದ. ಮುಂದೆ ಪಿಯುಸಿಯಲ್ಲಿ ಮೇಷ್ಟ್ರು, ಕಂಪ್ಯೂಟರಿಗೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿ ಗೊತ್ತು, ಅದರಲ್ಲೇ ಪ್ರಪಂಚವನ್ನೆಲ್ಲ ಎಣಿಸುತ್ತದೆ ಎಂದು ಬೋರ್ಡಿನ ಮೇಲೆ ಬರೆದಾಗ ಕ್ಲಾಸಿಗೆ ಕ್ಲಾಸೇ ತಲೆ ಕೆರೆದುಕೊಂಡಿತು. ನನಗೆ ನಗು ಬಂತು. ಇದು ನಮ್ಮ ಡಬ್ಬಿ ಆಟ! ಓದಿದರೆ ಇದನ್ನೇ ಓದಬೇಕು ಎಂದು ಅಂದೇ ತೀರ್ಮಾನ ಮಾಡಿದೆ.

ಪರೀಕ್ಷೆಯಲ್ಲಿ ನನಗೆ ಬಂದ ನಂಬರಿಗೆ ಊರಿನ ಯಾವ ಕಾಲೇಜಾದರೂ ಕಂಪ್ಯೂಟರ್ ಸೈನ್ಸ್ ಸೀಟು ಕೊಡುತ್ತಿತ್ತು. ಫೀಸು ಎಲ್ಲ ಕಡೆಯೂ ಒಂದೇ. ಆದ್ದರಿಂದ ಕಷ್ಟ ಸೀಟಿನದಲ್ಲ, ಆಯ್ಕೆಯದು. ಒಬ್ಬರಿಗೆ ಒಂದೇ ಚೀಟಿ. ಅದರಲ್ಲಿ ಒಂದು ಕಾಲೇಜಿನ ಹೆಸರು ಬರೆದು, ಗುರುವಾರ ಸಂಜೆ ಐದರೊಳಗೆ ಆ ಕಾಲೇಜಿಗೇ ಕೊಡಬೇಕು. ಕೊಟ್ಟ ಮೇಲೆ ನಾಲ್ಕು ವರ್ಷ ಅಲ್ಲೇ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತುವವಳು ನಾನೇ ಮೊದಲು. ತಪ್ಪಿದರೆ ದಾರಿ ತೋರಿಸಲು ಹಿಂದೆ ಯಾರೂ ಇರಲಿಲ್ಲ.

ಚೀಟಿ ಕೊಡುವ ಮುಂಚಿನ ವಾರಕ್ಕೆ ನಮ್ಮಲ್ಲಿ ಕಿವಿಗೊಡುವ ವಾರ ಎನ್ನುತ್ತಾರೆ. ಎಲ್ಲ ಕಾಲೇಜುಗಳೂ ಬಾಗಿಲು ತೆರೆದಿಡುತ್ತವೆ. ಅಪ್ಪ ಅಮ್ಮಂದಿರು ಒದ್ದೆ ಟವೆಲು ಹಿಡಿದು ಮಕ್ಕಳನ್ನು ಕರೆದುಕೊಂಡು ಬಂದು ಕ್ಲಾಸ್‌ರೂಮಿನ ಗೋಡೆಗಳಿಗೆ ಹಲ್ಲಿಗಳ ಹಾಗೆ ಅಂಟಿಕೊಳ್ಳುತ್ತಾರೆ. ಪಾಠ ಹೇಗೆ ನಡೆಯುತ್ತದೆ ಎಂದು ಗೋಡೆಯನ್ನೇ ಕೇಳುವುದು. ಬಾಯಿ ಬಡಾಯಿಗಿಂತ ಇದು ಮೇಲು ಎಂದು ಊರಿನ ನಂಬಿಕೆ.

ನನ್ನ ಜೊತೆ ಬಂದದ್ದು ಅವ್ವನ ತಮ್ಮ ಸೋಮಶೇಖರ ಮಾವ. ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮೈಕಿನಲ್ಲಿ ಕೂಗುವ ಕೆಲಸ ಅವನದು. ಒಳ್ಳೆಯ ಕಂಠ ಇದ್ದವರೆಲ್ಲ ಒಳ್ಳೆಯವರು ಎಂಬುದು ಅವನ ಸಿದ್ಧಾಂತ. ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಗೆರೆ ಎಳೆದು, ಕಾಲೇಜುಗಳ ಹೆಸರು ಬರೆದುಕೊಂಡು ಬಂದಿದ್ದ.

ಮೊದಲು ಗಡಿಯಾರದ ಕಾಲೇಜು. ಗೋಪುರದ ಮೇಲೆ ದೊಡ್ಡ ಗಡಿಯಾರ ಇರುವುದರಿಂದ ಆ ಹೆಸರು. ಗೋಡೆಗೆ ಕಿವಿಯಿಟ್ಟರೆ ಹಾಜರಿ ಕೂಗುವುದು, ಬೆಲ್ಲು, ಮತ್ತೆ "ಬರ್ಕೊಳ್ಳಿ". ಸೊಂಟದೆತ್ತರಕ್ಕೆ ಬಗ್ಗಿ ಕೇಳಿದರೂ "ಬರ್ಕೊಳ್ಳಿ". ಬರೆದುಕೊಂಡದ್ದನ್ನು ಯಾರಾದರೂ ಯಾಕೆ ಎಂದು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಮಾವ "ಶಿಸ್ತು ಇದೆ" ಎಂದು ಬರೆದುಕೊಂಡ. ನನಗೆ ಆಕಳಿಕೆ ಬಂತು.

ಮರುದಿನ ಬಿಳಿ ಕಾಲೇಜು. ಅಬ್ಬಾ, ಏನು ಕಟ್ಟಡ ಅದು! ಗೋಡೆಗಳು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ. ಕಿವಿಗೆ ಒಂದು ಚೂರೂ ಪುಡಿ ಅಂಟಲಿಲ್ಲ. ಒಳಗಿನಿಂದ ಒಬ್ಬ ಗಂಡಸಿನ ತುಂಬು ದನಿ ಪಾಠ ಹೇಳುತ್ತಿತ್ತು. ಮೊದಲು ಮೌಸ್ ನೋಡಿ ಬೆಕ್ಕು ಓಡಿಬಂದ ತಮಾಷೆ, ಮಕ್ಕಳ ನಗು, ಆಮೇಲೆ ನೀರು ಹರಿದ ಹಾಗೆ ಪಾಠ. ಯಾರೂ ತಡವರಿಸುತ್ತಿರಲಿಲ್ಲ. ಕೇಳಿದ ಪ್ರಶ್ನೆಗೆಲ್ಲ ವಿದ್ಯಾರ್ಥಿಗಳು ಥಟ್ಟನೆ ಉತ್ತರ ಕೊಡುತ್ತಿದ್ದರು. ಪಕ್ಕದ ರೂಮಿನಲ್ಲಿ ಕೇಳಿದೆವು, ಅಲ್ಲೂ ಬೆಕ್ಕು ಬಂತು. ಮೇಲಿನ ಮಹಡಿಯಲ್ಲೂ ಬಂತು. ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ, ಮಾವನಂತೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

"ಏನ್ ವಾಯ್ಸು ಕುಮುದಾ! ಇಂಥೋರು ನಮ್ ಬಸ್‌ಸ್ಟ್ಯಾಂಡಲ್ಲಿದ್ರೆ ಒಬ್ರಿಗಾದ್ರೂ ಬಸ್ಸು ತಪ್ತಿತ್ತಾ?" ಎಂದ.

"ಕೆಳಗಡೆ ಏನೂ ಕೇಳಿಸ್ತಿಲ್ಲ ಮಾವ. ಹಳೇದೇನೂ ಇಲ್ಲ" ಎಂದೆ ನಾನು, ನೆಲದಲ್ಲಿ ಕುಕ್ಕರಗಾಲಲ್ಲಿ ಕುಳಿತು.

"ಹಳೇದು ಕಟ್ಕೊಂಡು ಏನ್ ಮಾಡ್ತೀಯ? ವರ್ಷಕ್ಕೊಂದ್ ಸಲ ಸುಣ್ಣ ಹೊಡುಸ್ತಾರೆ, ಅಷ್ಟೇ. ಕ್ಲೀನಾಗವ್ರೆ" ಎಂದು ಕ್ಯಾಲೆಂಡರಿನ ಹಾಳೆಯಲ್ಲಿ ಆ ಹೆಸರಿನ ಮುಂದೆ ಎರಡು ನಕ್ಷತ್ರ ಬರೆದ. ನನಗೂ ಆ ಮಾತು ಸರಿಯೆನ್ನಿಸಿತು.

ಕೊನೆಗೆ ಹಂಚಿನ ಕಾಲೇಜು. ಹಂಚಿನ ಮಾಡು, ಉದ್ದನೆಯ ಜಗಲಿ, ಬೆಲ್ಲದ ಬಣ್ಣಕ್ಕೆ ತಿರುಗಿದ ಗೋಡೆಗಳು. ಒರಗಿದರೆ ಸಾಕು, ಕಿವಿ, ಕೆನ್ನೆ, ತೋಳು ಎಲ್ಲ ಪುಡಿ ಪುಡಿ. ಅಲ್ಲಿ ಕೇಳಿಸಿದ್ದೋ ಬರೀ ಗದ್ದಲ. ಒಬ್ಬಳು "ಗೊತ್ತಿಲ್ಲ ಮೇಡಂ" ಎನ್ನುತ್ತಿದ್ದಳು. ಇನ್ನೊಬ್ಬ "ನಿನ್ನೆ ರಾತ್ರಿಯೆಲ್ಲ ಕೂತೆ, ಆಗ್ಲಿಲ್ಲ" ಎಂದು ಹೆಚ್ಚುಕಡಿಮೆ ಅಳುತ್ತಿದ್ದ. ಉದ್ದನೆಯ ಮೌನ. ಆಮೇಲೆ ಒಬ್ಬ ಹೆಂಗಸಿನ ದನಿ, "ತಪ್ಪು. ಇನ್ನೊಂದು ಸಲ ಮಾಡು." ಮತ್ತೆ ಮೌನ. ಮತ್ತೆ "ತಪ್ಪು." ಒಂದು ಕಡೆಯಂತೂ ಆ ಮೇಡಮ್ಮೇ "ಇದು ನನಗೂ ಗೊತ್ತಿಲ್ಲ, ನಾಳೆ ನೋಡ್ಕೊಂಡು ಬರ್ತೀನಿ" ಎಂದುಬಿಟ್ಟರು. ಅವರ ದನಿ ಪರಿಚಯದ್ದು ಅನ್ನಿಸಲಿಲ್ಲ, ಆದರೆ ಮಾತು ಮಾತ್ರ ಎಲ್ಲೋ ಕೇಳಿದ್ದು ಅನ್ನಿಸಿತು. ಯೋಚಿಸುವಷ್ಟರಲ್ಲಿ ಮಾವ ಕೈಹಿಡಿದು ಎಳೆದ.

"ನಡಿ ನಡಿ. ಹೇಳ್ಕೊಡೋರ್ಗೇ ಬರಲ್ವಂತೆ, ಇನ್ನು ಕಲಿಯೋರ ಕತೆ ಏನು? ಒಂದ್ ಸುಣ್ಣ ಬಳಿಸೋ ಯೋಗ್ಯತೆ ಇಲ್ಲ" ಎಂದು ಟವೆಲಿನಿಂದ ಕಿವಿ ತಿಕ್ಕಿಕೊಂಡ.

ಬುಧವಾರ ಬೆಳಿಗ್ಗೆ ಚೀಟಿಯಲ್ಲಿ ಬಿಳಿ ಕಾಲೇಜು ಎಂದು ಬರೆದೆ. ಬರೆದೆನೇ ಹೊರತು ಮನಸ್ಸು ಕೂರಲಿಲ್ಲ. ಬೆಕ್ಕು ಮತ್ತೆ ಮತ್ತೆ ತಲೆಯೊಳಗೆ ಓಡಿಬರುತ್ತಿತ್ತು. ಅಂಗಳದಲ್ಲಿ ಅಪ್ಪ ಪೀಪಾಯಿಯ ನೀರಿಗೆ ಸುಣ್ಣದ ಕಲ್ಲು ಹಾಕಿ ಕೋಲಿನಿಂದ ತಿರುಗಿಸುತ್ತಿದ್ದ. ಕಲ್ಲು ಬೆಂದು ಗುಳುಗುಳು ಸದ್ದು ಬರುತ್ತಿತ್ತು. ಹೋಗಿ ಎದುರಿಗೆ ನಿಂತೆ.

"ಅಪ್ಪಾ, ಮೂರು ಕಾಲೇಜಿಗೂ ನೀನು ಕೆಲಸಕ್ಕೆ ಹೋಗಿದ್ದೀಯ. ಯಾವುದು ಒಳ್ಳೇದು ಹೇಳು."

"ಹೇಳಕ್ಕಾಗಕಿಲ್ಲ ಕಣವ್ವ."

"ನಿಂಗೆ ಗೊತ್ತು."

"ಗೊತ್ತು."

"ಮತ್ತೆ? ನಾನೇನು ಬೇರೆಯೋಳಾ? ಒಂದೇ ಒಂದು ಹೆಸರು ಹೇಳು, ಇನ್ನೇನೂ ಬೇಡ."

ಅಪ್ಪ ಕೋಲು ತಿರುಗಿಸುತ್ತಲೇ ಇದ್ದ. "ಒಂದ್ ಹೆಸ್ರು ಹೇಳುದ್ರೆ ಮಿಕ್ಕಿದ್ದೆರಡ್ರ ಬಗ್ಗೆನೂ ಹೇಳ್ದಂಗೇ ಅಲ್ವಾ? ಅವ್ರು ನನ್ನ ನಂಬಿ ಒಳೀಕೆ ಬುಟ್ಟವ್ರೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಊರೋರ ಗುಟ್ಟು ಕಾಯ್ಕೊಂಡು ಕೂತ್ಕೋ ನೀನು. ಮಗಳ ನಾಲ್ಕು ವರ್ಷ ಹಾಳಾದ್ರೆ ನಿಂಗೇನು?" ಎಂದುಬಿಟ್ಟೆ. ಅವ್ವ ಒಳಗಿನಿಂದ "ಏಯ್!" ಎಂದು ಗದರಿದಳು. ಅಪ್ಪ ಪೀಪಾಯಿಗೆ ಇನ್ನೊಂದು ಕಲ್ಲು ಹಾಕಿದ. ಬಯಲಿನಲ್ಲಿ ಆಡಿದ್ದರಿಂದ ಆ ಮಾತು ಯಾವ ಗೋಡೆಯ ಮೇಲೂ ಉಳಿದಿಲ್ಲ. ಆ ಒಂದು ಸಮಾಧಾನ ನನಗಿದೆ.

ಗುರುವಾರ ನಾನು ಏಳುವ ಹೊತ್ತಿಗೆ ಅಪ್ಪ ಕೆಲಸಕ್ಕೆ ಹೊರಟು ನಿಂತಿದ್ದ. ಹೆಗಲ ಮೇಲೆ ಏಣಿ ಇತ್ತು. ಜಗಲಿಯ ಮೇಲೆ ಪೇಪರಿನಲ್ಲಿ ಸುತ್ತಿದ ಮೂರು ಪೊಟ್ಟಣ ಇಟ್ಟಿದ್ದ. ಎರಡರ ಮೇಲೆ ಇದ್ದಿಲಿನಲ್ಲಿ ಸೊಟ್ಟ ಸೊಟ್ಟ ಗುರುತು: ಒಂದಕ್ಕೆ ಗಡಿಯಾರ, ಒಂದಕ್ಕೆ ಹಂಚು. ಇನ್ನೊಂದಕ್ಕೆ ಏನೂ ಇಲ್ಲ.

"ಇದು ಗೋಡೆ ಆಡಿದ್ ಮಾತಲ್ಲ. ಕೆರೆಯೋವಾಗ ಉದುರಿದ್ದು. ಕಸ" ಎಂದ. "ಕಸದ್ ಮ್ಯಾಲೆ ಯಾರ್ ಆಣೆನೂ ಇಲ್ಲ. ನೋಡ್ಕೋ." ಅಷ್ಟು ಹೇಳಿ ಹೋಗೇಬಿಟ್ಟ.

ಬಿಚ್ಚಿದೆ. ಮೂರರಲ್ಲೂ ಅಂಗೈಯಗಲದ ಸುಣ್ಣದ ಚಕ್ಕೆ. ಗಡಿಯಾರದ ಕಾಲೇಜಿನದು ಕೋಡುಬಳೆಯ ದಪ್ಪ. ಅಂಚು ನೋಡಿದರೆ ಪದರ ಪದರ, ಬಿಳಿ, ನಡುವೆ ಕೊಳೆಯ ಕಪ್ಪು ಗೆರೆ, ಮತ್ತೆ ಬಿಳಿ. ವರ್ಷಕ್ಕೊಂದು ಪದರ ಎಂದು ಯಾರಾದರೂ ಹೇಳಬಹುದಿತ್ತು. ಗುರುತಿಲ್ಲದ್ದು ಬಿಳಿ ಕಾಲೇಜಿನದು. ಅದು ಇಟ್ಟಿಗೆ ಚೂರಿನಷ್ಟು ದಪ್ಪ ಇತ್ತು. ಬೆಳಕಿಗೆ ಹಿಡಿದು ಪದರ ಎಣಿಸತೊಡಗಿದೆ. ನಲವತ್ತು ದಾಟಿದ ಮೇಲೆ ಕಣ್ಣು ಸೋತಿತು. ನಡುವೆ ಕೊಳೆಯ ಗೆರೆಯೇ ಇಲ್ಲ. ಕೊಳೆಯಾಗಲು ಪುರಸೊತ್ತು ಕೊಟ್ಟಿದ್ದರೆ ತಾನೇ! ಆ ಕಾಲೇಜು ಕಟ್ಟಿ ಹತ್ತು ವರ್ಷವೂ ಆಗಿರಲಿಲ್ಲ. ಎರಡು, ಮೂರು ತಿಂಗಳಿಗೊಮ್ಮೆ ಏನನ್ನು ಅಳಿಸುತ್ತಿದ್ದರು? ಅಳಿಸಿ, ಕೊನೆಯಲ್ಲಿ ಹೊಸ ಸುಣ್ಣಕ್ಕೆ ಕೇಳಿಸಲೆಂದೇ ಒಂದು ತುಂಬು ದನಿಯನ್ನು ತಂದು ರೂಮು ರೂಮಿನಲ್ಲೂ ಅದೇ ಬೆಕ್ಕನ್ನು ಓಡಿಸಿದ್ದರು. ನಾನು, ಸುಣ್ಣ ಬಳಿಯುವವನ ಮಗಳು, ಹೊಸ ಸುಣ್ಣಕ್ಕೆ ಮರುಳಾಗಿದ್ದೆ.

ಮೂರನೆಯ ಪೊಟ್ಟಣದಲ್ಲಿ ಹಂಚಿನ ಕಾಲೇಜಿನ ಚಕ್ಕೆ. ಹಪ್ಪಳದಷ್ಟು ತೆಳು, ಒಂದೇ ಪದರ. ಕಟ್ಟಿದಾಗ ಬಳಿದದ್ದು, ಮತ್ತೆ ಮುಟ್ಟಿಲ್ಲ. ಅಲ್ಲಿ ಅಳಿಸಲು ಏನೂ ಇರಲಿಲ್ಲವೆಂದಲ್ಲ, ಅಷ್ಟೊಂದು ತಪ್ಪು, ಅಳು, ಗೊತ್ತಿಲ್ಲ ಎನ್ನುವುದು ಎಲ್ಲ ನಾನೇ ಕೇಳಿದ್ದೆನಲ್ಲ. ಅಳಿಸಬೇಕು ಎಂದು ಅವರಿಗೆ ಅನ್ನಿಸಿರಲಿಲ್ಲ ಅಷ್ಟೇ.

ಅವ್ವ ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡಿದಳು. "ಈ ತೆಳ್ಳಗಿರೋದು ನೀನ್ ಹುಟ್ಟಿದ್ ವರ್ಷದ್ದು ಕಣೇ. ನಿಮ್ಮಪ್ಪ ನಿನ್ ತೊಟ್ಲು ಹಿಂದೆ ಗೂಡಲ್ಲಿ ಮಡಗಿದ್ರು. ಮುಟ್ಟಿದ್ರೆ ಬಯ್ಯೋರು. ಅಲ್ಲಿಗೆ ಸುಣ್ಣ ಬಳಿಯಕ್ ಹೋದೋರು, ಬಳೀದಂಗೆ ವಾಪಸ್ ಬಂದ್ರು. ಯಾಕೆ ಅಂದ್ರೆ ಬಾಯೇ ಬುಡ್ಲಿಲ್ಲ. ಕಿಟಕಿ ಕೆಳ್ಗಡೆ ಒಂದ್ ಚಕ್ಕೆ ಉದುರ್ಸಿದೀನಿ, ಅಷ್ಟೇ ಅಂದ್ರು."

ನಾನು ಮುಖ ತೊಳೆಯಲಿಲ್ಲ, ತಿಂಡಿ ತಿನ್ನಲಿಲ್ಲ. ಚಕ್ಕೆಯನ್ನು ಪುಸ್ತಕದ ನಡುವೆ ಇಟ್ಟುಕೊಂಡು ಹಂಚಿನ ಕಾಲೇಜಿಗೆ ನಡೆದೆ. ಕೊನೆಯ ದಿನವಾದರೂ ಇನ್ನೂ ಬೆಳಿಗ್ಗೆಯಾದ್ದರಿಂದ ಜನ ಇರಲಿಲ್ಲ. ಒಂದೊಂದೇ ರೂಮಿನ ಕಿಟಕಿಯ ಕೆಳಗೆ ನೋಡುತ್ತ ಹೋದೆ. ನಾಲ್ಕನೆಯದು ಕಂಪ್ಯೂಟರ್ ಲ್ಯಾಬು. ಕಿಟಕಿಯ ಕೆಳಗೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಅಂಗೈಯಗಲ ಗಾರೆ ಕಾಣುತ್ತಿತ್ತು. ಚಕ್ಕೆ ಇಟ್ಟು ನೋಡಿದೆ. ಸರಿಯಾಗಿ ಕೂತಿತು. ಅದರ ಪಕ್ಕದಲ್ಲಿ, ಸುಣ್ಣ ಹಾಗೇ ಉಳಿದಿದ್ದ ಕಡೆ, ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿ ಕಿವಿಯಿಟ್ಟೆ.

ಮೊದಲು ಕೆರೆಯುವ ತಗಡಿನ ಸದ್ದು ಕೇಳಿತು. ಆಮೇಲೆ ಅದು ನಿಂತಿತು. ಆಮೇಲೆ ನನ್ನಪ್ಪನ ದನಿ, ಈಗಿನಷ್ಟು ಗೊಗ್ಗರಲ್ಲ, ಹುಡುಗನ ದನಿಯ ಹಾಗಿತ್ತು.

"ಮೇಡಮ್ಮೋರೇ, ಒಂದ್ ಮಾತ್ ಕೇಳ್ಲಾ? ತಪ್ಪು ತಿಳ್ಕಾಬ್ಯಾಡಿ. ಬೆಳಗ್ಗಿಂದ ಈ ಗೋಡೆ ಒಂದೇ ಸಮ ಸೊನ್ನೆ ಒಂದು, ಸೊನ್ನೆ ಒಂದು ಅಂತೈತೆ. ಈ ಟೀವಿಯಂಗಿರೋ ಡಬ್ಬ ಏನ್ ಮಾಡ್ತದೆ?"

ಅದೇ ಹೆಂಗಸಿನ ದನಿ ನಕ್ಕಿತು. "ಬನ್ನಿ ಬೆಟ್ಟಯ್ಯ, ಏಣಿ ಇಳೀರಿ. ನಿಮ್ಮ ಸುಣ್ಣದ ಡಬ್ಬಿ ಎಷ್ಟಿವೆ? ಮೂರು ಸಾಕು. ಇಲ್ಲಿ ಸಾಲಾಗಿ ಇಡಿ. ಬಲಗಡೆಯದು ತುಂಬಿದ್ರೆ ಒಂದು ಅಂತ ಇಟ್ಕೊಳ್ಳಿ."

ನಾನು ಕಿವಿಯನ್ನು ಗೋಡೆಗೆ ಇನ್ನೂ ಒತ್ತಿದೆ. ಡಬ್ಬಿಗಳು ನೆಲಕ್ಕೆ ತಾಗಿದ ಸದ್ದು, ನೀರು ಸುರಿದ ಸದ್ದು. "ಐದು ಮಾಡಿ ನೋಡೋಣ." ಸದ್ದಿಲ್ಲ. "ತಪ್ಪು. ಇನ್ನೊಂದು ಸಲ ಮಾಡಿ." ಮತ್ತೆ ಸದ್ದಿಲ್ಲ. "ತಪ್ಪು. ಇನ್ನೊಂದು ಸಲ ಮಾಡಿ." ಅವರಿಗೆ ಅವಸರವೇ ಇರಲಿಲ್ಲ. ಕೂಲಿಗೆ ಬಂದವನೊಬ್ಬ ಮೂರು ಡಬ್ಬಿಯ ಮುಂದೆ ಕೂತು ಯೋಚಿಸುತ್ತಿದ್ದರೆ ಆ ಮೇಡಂ ಎಷ್ಟೋ ಹೊತ್ತು ಸುಮ್ಮನೆ ಕಾದರು. ಕೊನೆಗೆ ಅಪ್ಪ ಕೂಗಿದ, "ಆಯ್ತು! ಐದಾಯ್ತು!" ನನ್ನಪ್ಪ ಹಾಗೆ ಕೂಗಿದ್ದನ್ನು ನಾನು ಹುಟ್ಟಿದ ಮೇಲೆ ಒಮ್ಮೆಯೂ ಕೇಳಿಲ್ಲ.

ಆಮೇಲೆ ಬಹಳ ಹೊತ್ತು ಏಳು ಮಾಡಿದರು, ಆರು ಮಾಡಿದರು. ಕೊನೆಯಲ್ಲಿ ಅಪ್ಪ ಹೇಳಿದ. "ಮೇಡಮ್ಮೋರೇ, ಮನೇಲಿ ಹೆಣ್ ಮಗು ಐತೆ. ಆರ್ ತಿಂಗ್ಳು. ಅದುಕ್ಕೆ ಹೇಳ್ಕೊಡ್ತೀನಿ ಇದ್ನ. ಮ್ಯಾಕೆ ಮಿಕ್ಕಿದ್ದು ನನ್ ಕೈಲಾಗಕಿಲ್ಲ, ನೀವೇ ಹೇಳ್ಕೊಡ್ಬೇಕು. ಅಲ್ಲೀಗಂಟ ಈ ಗೋಡೆ ಹಿಂಗೇ ಇರ್ಲಿ. ಬ್ಯಾರೆ ಯಾರ್ನೂ ಕರ್ಸಿ ಬಳಿಸ್ಬ್ಯಾಡಿ. ನಾನು ಬಳಿಯಾಕಿಲ್ಲ."

"ಆಯ್ತು ಬೆಟ್ಟಯ್ಯ. ಇರುತ್ತೆ" ಎಂದಿತು ಆ ದನಿ.

ಅಲ್ಲಿಯೇ ಮಲಗಿ ಅತ್ತೆ. ದುಃಖಕ್ಕಲ್ಲ. ಹಿಂದಿನ ದಿನ ಅಂಗಳದಲ್ಲಿ ಆಡಿದ ಮಾತಿನ ನಾಚಿಕೆ ಒಂದು ಕಡೆ, ಇಷ್ಟೊಂದು ನನಗಾಗಿ ನಾನು ತೊಟ್ಟಿಲಲ್ಲಿದ್ದಾಗಲೇ ನಡೆದುಹೋಗಿದೆಯಲ್ಲ ಎಂಬುದು ಇನ್ನೊಂದು ಕಡೆ. ಹದಿನೇಳು ವರ್ಷ ಆತ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಸುಬಿನ ಮಾತು ಮುರಿಯಲಿಲ್ಲ, ನನಗೆ ಕೊಡಬೇಕಾದದ್ದನ್ನು ಮಾತ್ರ ಒಂದೂ ಬಿಡದೆ ಕೊಟ್ಟಿದ್ದ.

"ಯಾರಮ್ಮ ಅದು, ಕೆಳಗೆ ಮಲಗಿರೋದು?" ಎಂದ ದನಿಗೆ ಬೆಚ್ಚಿ ಎದ್ದೆ. ಈಗ ಗೋಡೆಯಲ್ಲ, ಬಾಗಿಲು. ಕೂದಲು ಪೂರ್ತಿ ನರೆತ ಹೆಂಗಸೊಬ್ಬರು ಕನ್ನಡಕ ಏರಿಸಿ ನೋಡುತ್ತಿದ್ದರು. ಬಾಗಿಲ ಮೇಲಿನ ಹಲಗೆಯಲ್ಲಿ ಮೆಹರುನ್ನೀಸಾ ಎಂದು ಅವರ ಹೆಸರಿತ್ತು. ನನ್ನ ಕೈಯಲ್ಲಿದ್ದ ಚಕ್ಕೆಯನ್ನು ನೋಡಿದರು, ಗೋಡೆಯ ಗಾರೆಯನ್ನು ನೋಡಿದರು.

"ಬೆಟ್ಟಯ್ಯನ ಮಗಳಾ?"

"ಹೌದು ಮೇಡಂ."

"ಪ್ರತಿ ವರ್ಷ ಮೇಲಿನವರು ಗೋಡೆ ಕೊಳಕಾಗಿದೆ, ಸುಣ್ಣ ಹೊಡೆಸಿ ಅಂತ ಕಾಗದ ಬರೀತಾರೆ. ಪ್ರತಿ ವರ್ಷ ನಾನು, ಮುಂದಿನ ವರ್ಷ ಅಂತ ಉತ್ತರ ಬರೀತೀನಿ" ಎಂದು ನಕ್ಕರು. "ಸದ್ಯ, ಬಂದ್ಯಲ್ಲ. ನಾನು ರಿಟೈರ್ ಆಗೋಕೆ ಇನ್ನು ಐದೇ ವರ್ಷ ಇದೆ. ಎಲ್ಲಿ, ಆರು ಮಾಡು ನೋಡೋಣ."

ಡಬ್ಬಿ ಇರಲಿಲ್ಲ. ಕಿಟಕಿಯ ಮೇಲಿದ್ದ ಮೂರು ಟೀ ಲೋಟ ತೆಗೆದು, ಜಗಲಿಯ ಹೂಜಿಯಿಂದ ನೀರು ತಂದು, ಎಡಗಡೆಯದನ್ನೂ ನಡುವಿನದನ್ನೂ ತುಂಬಿ, ಬಲಗಡೆಯದನ್ನು ಬೋರಲು ಹಾಕಿದೆ. ಅವರು ಸರಿ ಎಂದೂ ಹೇಳಲಿಲ್ಲ, ಚೀಟಿಗೆ ಕೈ ಚಾಚಿದರು. ಬಿಳಿ ಕಾಲೇಜಿನ ಹೆಸರು ಹೊಡೆದು ಹಾಕಿ, ಪಕ್ಕದಲ್ಲಿ ಹಂಚಿನ ಕಾಲೇಜು ಎಂದು ಬರೆದು ಕೊಟ್ಟೆ. ಹೊಡೆದು ಹಾಕಿದ್ದನ್ನು ನೋಡಿ, "ಇರಲಿ, ತಪ್ಪು ಕಾಣಿಸ್ತಾ ಇದ್ರೇನೇ ಒಳ್ಳೇದು" ಎಂದರು.

ಅವರು ಹೋದ ಮೇಲೆ ಬಾಗಿಲು ಓರೆ ಮಾಡಿ, ಕಿಟಕಿಯ ಕೆಳಗೆ ಮತ್ತೆ ಕುಳಿತು, ಗೋಡೆಗೆ ಬಾಯಿ ಹತ್ತಿರ ತಂದು ಅಪ್ಪನಿಗೆ ಹೇಳಬೇಕಾದ್ದನ್ನು ಹೇಳಿದೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ, ನಾನೂ ಸುಣ್ಣ ಬಳಿಯುವವನ ಮಗಳೇ. ಉದ್ದವೇನೂ ಇರಲಿಲ್ಲ. ಸಂಜೆ ಮನೆಯಲ್ಲಿ ಅಪ್ಪ ಕೈಕಾಲು ತೊಳೆದು ಬಂದು, "ಕೊಟ್ಯಾ ಚೀಟಿನ?" ಎಂದ. "ಕೊಟ್ಟೆ. ಹಂಚಿನ ಕಾಲೇಜಿಗೆ" ಎಂದೆ. ಆತ ನನ್ನ ಕಿವಿ, ಕೆನ್ನೆ, ತೋಳಿನ ಮೇಲಿನ ಪುಡಿಯನ್ನು ನೋಡಿದ. ಊಟಕ್ಕೆ ಕುಳಿತ. ಅಂದು ಎರಡು ಮುದ್ದೆ ಉಂಡ.

ಅಲ್ಲಿ ನಾಲ್ಕು ವರ್ಷ ನಾನು ಮಾಡದ ತಪ್ಪಿಲ್ಲ. ಎಲ್ಲವೂ ಆ ಗೋಡೆಗಳ ಮೇಲಿವೆ, ಈಗಲೂ ಹೋಗಿ ಕೇಳಬಹುದು. "ಗೊತ್ತಿಲ್ಲ ಮೇಡಂ" ಎಂದು ನಾನು ಹೇಳಿದ್ದನ್ನು ಕೇಳಿ ಎಷ್ಟು ಮಾವಂದಿರು ಎಷ್ಟು ಮಕ್ಕಳ ಕೈಹಿಡಿದು ಎಳೆದುಕೊಂಡು ಹೋದರೋ! ಈಗ ಊರಿಗೆ ಯಾವ ಬೀದಿಗೆ ಯಾವಾಗ ನೀರು ಬಿಡಬೇಕು ಎಂದು ಲೆಕ್ಕ ಹಾಕುವ ಪ್ರೋಗ್ರಾಮು ನಾನು ಬರೆದದ್ದು. ನಲ್ಲಿಯಲ್ಲಿ ಹೊತ್ತಿಗೆ ಸರಿಯಾಗಿ ನೀರು ಬಂದಾಗಲೆಲ್ಲ ನನಗೆ ಮೂರು ಡಬ್ಬಿಗಳು ನೆನಪಾಗುತ್ತವೆ. ನನಗೆ ಇಬ್ಬರು ಗುರುಗಳು. ಒಬ್ಬರು ಕಲಿಸಿದರು. ಇನ್ನೊಬ್ಬರು ಕಲಿತು ಬಂದು ಕಲಿಸಿದರು. ಇಬ್ಬರ ಋಣವನ್ನೂ ತೀರಿಸುವ ದಾರಿ ಗೊತ್ತಿಲ್ಲ, ತೀರಿಸಬೇಕೆಂದೂ ಇಲ್ಲ.

ಡಿಗ್ರಿ ಕೊಡುವ ದಿನ ಅಪ್ಪ ಎರಡು ಸಲ ಸ್ನಾನ ಮಾಡಿದ. ಉಗುರಿನ ಸಂದಿಯ ಸುಣ್ಣವನ್ನು ಅವ್ವ ಕಡ್ಡಿಯಿಂದ ತೆಗೆದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮೈಮೇಲೆ ಒಂದು ಚುಕ್ಕೆ ಸುಣ್ಣವಿಲ್ಲ. ಆತನನ್ನು ಹಾಗೆ ನೋಡಿ ಅಭ್ಯಾಸವಿಲ್ಲದೆ ನನಗೆ ಬೇರೆ ಯಾರೋ ಅನ್ನಿಸುತ್ತಿತ್ತು. ಸಭೆ ಮುಗಿದು ಜಗಲಿಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, "ನೀರ್ ಕುಡ್ಕೊಂಡ್ ಬತ್ತೀನಿ" ಎಂದು ಅಪ್ಪ ಒಳಗೆ ಹೋದ. ಹೂಜಿ ನಮ್ಮ ಪಕ್ಕದಲ್ಲೇ ಇತ್ತು. ಐದು ನಿಮಿಷವಾಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ಸೋಮಶೇಖರ ಮಾವ ಬಸ್‌ಸ್ಟ್ಯಾಂಡಿನ ದನಿಯಲ್ಲಿ "ಭಾವಾ, ಎಲ್ಲಿದ್ದೀರಾ?" ಎಂದು ಕೂಗಿಯೂ ನೋಡಿದ.

ಕೊನೆಗೆ ಅಪ್ಪ ಬಂದ. ಕಣ್ಣು ಕೆಂಪಾಗಿತ್ತು. ಇಸ್ತ್ರಿಯ ಅಂಗಿಯ ಒಂದು ತೋಳು ನೆಲದಲ್ಲಿ ಮಲಗಿ ಎದ್ದ ಹಾಗೆ ಮುದುಡಿತ್ತು. ಎಡಗಿವಿಯ ಮೇಲೆ, ಕೆನ್ನೆಯವರೆಗೆ, ಬೆಲ್ಲದ ಬಣ್ಣದ ಹಳೆಯ ಸುಣ್ಣ.

"ಅಯ್ಯೋ ನಿಮ್ಮ! ಇವತ್ತೊಂದ್ ದಿವ್ಸನಾದ್ರೂ ಸುಣ್ಣ ಮೆತ್ಕೊಳ್ದೆ ಇರಕ್ಕಾಗಲ್ವಾ?" ಎಂದು ಅವ್ವ ಸೆರಗು ಹಿಡಿದು ಒರೆಸಲು ಹೋದಳು.

ನಾನು ಅವಳ ಕೈ ಹಿಡಿದುಕೊಂಡೆ. "ಬಿಡವ್ವ, ಇರಲಿ" ಎಂದೆ. ಅಪ್ಪ ನನ್ನನ್ನು ನೋಡಿದ. ಕಿವಿ ಒರೆಸಿಕೊಳ್ಳದೆ, ಹಾಗೆಯೇ ಊರ ನಡುವಿನ ಬೀದಿಯಲ್ಲಿ ನಮ್ಮ ಜೊತೆ ಮನೆಗೆ ನ​ಡೆದು ಬಂದ.